17 ವರ್ಷದ ಹುಡುಗನಿಗೆ ಮೂರು ವರ್ಷದ ಡಿಸ್ಕ್ ಗಾಲ್ಫ್ ಕಾಂಟ್ರಾಕ್ಟ್: ಯಾವ ಸಾಲು ಹೊಡೆಸಬೇಕು?

ರಾಕ್‌ಹಿಲ್_ಅಪ್ಪ

ಮಗನಿಗೆ 17, ಆಗಸ್ಟಿಗೆ 18 ತುಂಬುತ್ತದೆ. ಅಮೆರಿಕದ ಪ್ರಜೆ. ಡಿಸ್ಕ್ ಗಾಲ್ಫ್ (ಚೆಂಡಿನ ಬದಲು ತಟ್ಟೆಯಂಥ ಡಿಸ್ಕನ್ನು ಬುಟ್ಟಿಗೆ ಎಸೆಯುವ ಆಟ) ಆಡುತ್ತಾನೆ. ಪಿಡಿಜಿಎ (ಈ ಆಟದ ವೃತ್ತಿಪರರ ಸಂಘ) ಕೊಡುವ ರೇಟಿಂಗ್ 1012. ಓಪನ್ ವಿಭಾಗದಲ್ಲಿ ಕ್ಯಾಶ್ ತೆಗೆದುಕೊಂಡಾಗಿದೆ, ಆದ್ದರಿಂದ ಅಮೆಚೂರ್ ಪಟ್ಟ ಉಳಿಸಿಕೊಳ್ಳುವ ಪ್ರಶ್ನೆ ಇಲ್ಲ. ಒಂದು ಡಿಸ್ಕ್ ಕಂಪನಿ ಒಂಬತ್ತು ಪುಟದ ಕಾಂಟ್ರಾಕ್ಟ್ ಕಳಿಸಿದೆ. ಮುಖ್ಯವಾಗಿ ಇರುವುದು ಇಷ್ಟು:

ಜನವರಿ 1ರಿಂದ ಮೂರು ವರ್ಷ. ಮುಗಿಯುವ 90 ದಿನ ಮೊದಲು ಲಿಖಿತವಾಗಿ ಬೇಡ ಅನ್ನದಿದ್ದರೆ ತಾನಾಗಿ ಇನ್ನೊಂದು ವರ್ಷ. ತಿಂಗಳಿಗೆ 400 ಡಾಲರ್, ವರ್ಷಕ್ಕೆ 1,500 ಡಾಲರಿನ ಡಿಸ್ಕ್ ಕ್ರೆಡಿಟ್. ಹೆಸರಿನ ಸ್ಟಾಂಪ್ ಹಾಕಿದ ಟೂರ್ ಸೀರೀಸ್ ಡಿಸ್ಕಿಗೆ "ನಿವ್ವಳ ಮಾರಾಟ"ದ ಮೇಲೆ ಡಿಸ್ಕಿಗೆ 2 ಡಾಲರ್. ದೊಡ್ಡ ಟೂರ್ನಿಗಳಲ್ಲಿ ಮೊದಲ ಮೂರು ಸ್ಥಾನಕ್ಕೆ ಬೋನಸ್, "ಕಂಪನಿ ಪರಿಶೀಲಿಸಿದ ನಂತರ". ವರ್ಷಕ್ಕೆ ಕನಿಷ್ಠ 12 ಟೂರ್ನಿ, ತಿಂಗಳಿಗೆ 8 ಪೋಸ್ಟ್. ಬ್ಯಾಗಿನಲ್ಲಿ ಅವರ ಡಿಸ್ಕ್ ಮಾತ್ರ, "ಮತ್ತು ಪರಿಕರಗಳು". ಹೆಸರು ಮತ್ತು ಫೋಟೋ ಬಳಕೆ "ಶಾಶ್ವತವಾಗಿ". ಕಾಂಟ್ರಾಕ್ಟ್ ಮುಗಿದು 12 ತಿಂಗಳವರೆಗೆ ಬೇರೆಯವರ ಆಫರ್‌ಗೆ ಸರಿಗಟ್ಟುವ ಮೊದಲ ಹಕ್ಕು ಅವರಿಗೆ. ಕೊನೆಯಲ್ಲಿ ತಂದೆ ಅಥವಾ ತಾಯಿ "ಜಾಮೀನುದಾರ" ಎಂದು ಸಹಿ.

ಏನನ್ನು ಒಪ್ಪಬಹುದು, ಏನನ್ನು ಹೊಡೆಸಬೇಕು?

ಬೋಗಿ_ಭಟ್ಟ

ಮೊದಲು 400 ಡಾಲರ್ ಎಂದರೆ ಎಷ್ಟು ಅಂತ ನೋಡಿ ಸರ್. ಅವರೇ ಕೇಳಿರುವ 12 ಟೂರ್ನಿ ಹಿಡಿಯೋಣ. ಎಂಟ್ರಿ ಫೀ ಸರಾಸರಿ 250 ಅಂದರೂ 3,000. ಟೂರ್ನಿಗೆ ಐದು ರಾತ್ರಿ, ರಾತ್ರಿಗೆ 80 ಡಾಲರಿನಂತೆ 4,800. 15,000 ಮೈಲಿ ಓಡಾಟ, ಗ್ಯಾಲನ್ನಿಗೆ 20 ಮೈಲಿ ಕೊಡುವ ವ್ಯಾನು, ಪೆಟ್ರೋಲು 3.25 ಅಂದುಕೊಂಡರೆ 2,400ರ ಮೇಲೆ. ಊಟ ಬಿಟ್ಟು 10,000 ದಾಟಿತು. ಅವರು ಕೊಡುವುದು 4,800. ಉಳಿದದ್ದು ನಿಮ್ಮ ಜೇಬಿನಿಂದ, ಇಲ್ಲವೇ ಹುಡುಗ ಗೆದ್ದ ದುಡ್ಡಿನಿಂದ. ಹಾಗಿರುವಾಗ 12 ಟೂರ್ನಿಯ ಕಡ್ಡಾಯ ಯಾಕೆ? ಒಂದೋ ಎಂಟ್ರಿ ಫೀ ಅವರು ಕಟ್ಟಲಿ, ಇಲ್ಲ ಸಂಖ್ಯೆ 8ಕ್ಕೆ ಇಳಿಯಲಿ. ಮೊಣಕೈ, ಭುಜದ ಗಾಯ ಈ ಆಟದಲ್ಲಿ ಮಾಮೂಲು. ಡಾಕ್ಟರ್ ಪತ್ರ ಕೊಟ್ಟರೆ ಸಂಖ್ಯೆ ಮಾಫಿ, ಕನಿಷ್ಠ 90 ದಿನ ತಿಂಗಳ ಸ್ಟೈಪೆಂಡ್ ನಿಲ್ಲಿಸುವಂತಿಲ್ಲ ಎಂಬ ಸಾಲು ಬೇಕೇ ಬೇಕು.

ಪಾಲ್ ಮೆಕ್‌ಬೆತ್ 2021ರಲ್ಲಿ ಡಿಸ್ಕ್ರಾಫ್ಟ್ ಕಂಪನಿ ಜೊತೆ ಹತ್ತು ವರ್ಷಕ್ಕೆ ಒಂದು ಕೋಟಿ ಡಾಲರಿಗೆ ಸಹಿ ಹಾಕಿದ ಸುದ್ದಿ ಎಲ್ಲರ ತಲೆಯಲ್ಲೂ ಇದೆ. ಆಗ ಅವನ ಕೈಯಲ್ಲಿ ಐದು ವಿಶ್ವ ಪಟ್ಟ ಇತ್ತು. ದೀರ್ಘ ಅವಧಿ ಅವನಿಗೆ ಭದ್ರತೆ. 17ರ ಹುಡುಗನಿಗೆ ಅದೇ ದೀರ್ಘ ಅವಧಿ ಸಂಕೋಲೆ. ಈ ವಯಸ್ಸಿನಲ್ಲಿ ಎರಡು ಸೀಸನ್ನಿನಲ್ಲಿ ರೇಟಿಂಗ್ 1012ರಿಂದ 1030 ಆದರೂ ಆಗಬಹುದು, ಆಗಲೂ ತಿಂಗಳಿಗೆ ಅದೇ 400. ಒಂದು ವರ್ಷ ಕೇಳಿ. ಒಪ್ಪದಿದ್ದರೆ 1+1, ಎರಡನೇ ವರ್ಷ ಬೇಕೋ ಬೇಡವೋ ಎನ್ನುವ ಆಯ್ಕೆ ಆಟಗಾರನದು. ಅದಕ್ಕೂ ಜಗ್ಗದಿದ್ದರೆ ರೇಟಿಂಗಿಗೆ ಕಟ್ಟಿದ ಏರಿಕೆ ಇರಲಿ: 1020 ದಾಟಿದರೆ ತಿಂಗಳಿಗೆ ಇಷ್ಟು, 1030ಕ್ಕೆ ಇಷ್ಟು ಅಂತ. ಪಿಡಿಜಿಎ ರೇಟಿಂಗನ್ನು ತಿಂಗಳಿಗೊಮ್ಮೆ ತಾನೇ ಪ್ರಕಟಿಸುತ್ತದೆ, ವಾದಕ್ಕೆ ಜಾಗವಿಲ್ಲ.

90 ದಿನದ ನೋಟಿಸ್ ನೋಡಲು ಸಾಧು, ಕ್ಯಾಲೆಂಡರ್ ಮೇಲಿಟ್ಟು ನೋಡಿ. ಡಿಸೆಂಬರ್ 31ಕ್ಕೆ ಮುಗಿಯುವುದಾದರೆ ನೋಟಿಸ್ ಗಡುವು ಅಕ್ಟೋಬರ್ 2. ನಿಮ್ಮೂರಿನಲ್ಲೇ ನಡೆಯುವ ಅಮೆರಿಕದ ಡಿಸ್ಕ್ ಗಾಲ್ಫ್ ಚಾಂಪಿಯನ್‌ಷಿಪ್ ಯುಎಸ್‌ಡಿಜಿಸಿ ಅಕ್ಟೋಬರಿನದು. ಕಂಪನಿಗಳು ಆಟಗಾರರನ್ನು ಕರೆದು ಮಾತಾಡುವುದು ನವೆಂಬರ್, ಡಿಸೆಂಬರಿನಲ್ಲಿ. ಅಂದರೆ ಬೇರೆ ಕಡೆ ಎಷ್ಟು ಸಿಗುತ್ತದೆ ಎಂದು ಗೊತ್ತಾಗುವ ಮೊದಲೇ ಇವನು ತೀರ್ಮಾನ ಮಾಡಿರಬೇಕು. ಸಿಕ್ಕಿಬೀಳುವವರು ಬೇಕಂತ ಮುಂದುವರಿಯುವವರಲ್ಲ, ಗಡುವು ಮರೆತವರು. ತಾನಾಗಿ ಮುಂದುವರಿಯುವ ಸಾಲನ್ನೇ ತೆಗೆಸಿ. ಆಗದಿದ್ದರೆ 30 ದಿನ, ಇಮೇಲ್ ನೋಟಿಸ್ ಸಾಕು ಎಂದು ಬರೆಸಿ. "ರಿಜಿಸ್ಟರ್ಡ್ ಅಂಚೆ ಮೂಲಕ ಮಾತ್ರ" ಅಂತ ಎಲ್ಲೋ ಕೊನೆಯ ಪುಟದಲ್ಲಿ ಅಡಗಿರುತ್ತದೆ, ಹುಡುಕಿ.

ಸರಿಗಟ್ಟುವ ಹಕ್ಕು ಇದಕ್ಕಿಂತ ಕೆಟ್ಟದ್ದು. 12 ತಿಂಗಳು ಇವನಿಗೆ ಬರುವ ಪ್ರತಿ ಆಫರ್ ಹಳೆಯ ಕಂಪನಿಯ ಮೇಜಿಗೆ ಹೋಗಬೇಕು. ತಮ್ಮ ಅಂಕಿ ಎದುರಾಳಿಗೆ ತೋರಿಸುತ್ತಾರೆ ಎಂದು ಗೊತ್ತಿದ್ದ ಮೇಲೆ ಹೊಸಬರು ಆಫರ್ ಕೊಡಲೇ ಹಿಂಜರಿಯುತ್ತಾರೆ. ಪೂರ್ತಿ ಹೊಡೆಸಲಾಗದಿದ್ದರೆ ಮೂರು ಬೇಲಿ ಹಾಕಿ: ಅವಧಿಯೊಳಗೆ ಬಂದ ಆಫರಿಗೆ ಮಾತ್ರ, ಉತ್ತರಕ್ಕೆ ಹತ್ತು ದಿನ, ಸರಿಗಟ್ಟುವುದೆಂದರೆ ತಿಂಗಳ ದುಡ್ಡು ಮಾತ್ರವಲ್ಲ, ಅವಧಿ, ರಾಯಲ್ಟಿ, ಪ್ರಯಾಣ ವೆಚ್ಚ ಎಲ್ಲವೂ.

ಇನ್ನು ಬ್ಯಾಗು. "ಪರಿಕರಗಳು" ಅಂದರೆ ಏನು? ಬ್ಯಾಗು, ಕಾರ್ಟು, ಟವೆಲು, ಮಿನಿ (ಡಿಸ್ಕ್ ಬಿದ್ದ ಜಾಗ ಗುರುತಿಸುವ ಪುಟ್ಟ ಡಿಸ್ಕ್), ಶೂ, ಟೀಶರ್ಟು ಎಲ್ಲವನ್ನೂ ಇದರೊಳಗೆ ತುರುಕಬಹುದು. ನಾಳೆ ಶೂ ಕಂಪನಿ ಬಂದರೆ ಇವರ ಅಪ್ಪಣೆ ಬೇಕಾಗುತ್ತದೆ. "ಡಿಸ್ಕ್ ಮತ್ತು ಮಿನಿ ಮಾರ್ಕರ್ ಮಾತ್ರ" ಎಂದು ಬಿಡಿಸಿ ಬರೆಸಿ. ಹಾಗೆಯೇ "ಕಂಪನಿಯ ಡಿಸ್ಕ್" ಅಂದರೆ ಯಾವ ಬ್ರ್ಯಾಂಡ್‌ಗಳು ಎಂಬ ಪಟ್ಟಿ ಇರಲಿ. ಎಂವಿಪಿಯ ಅಣ್ಣತಮ್ಮಂದಿರು ಆಕ್ಸಿಯಮ್, ಸ್ಟ್ರೀಮ್‌ಲೈನ್. ಲ್ಯಾಟಿಟ್ಯೂಡ್ 64, ವೆಸ್ಟ್‌ಸೈಡ್, ಡೈನಮಿಕ್ ಮೂರೂ ಒಂದೇ ಕುಟುಂಬ. ಕುಟುಂಬ ಪೂರ್ತಿ ಸಿಕ್ಕರೆ ಬ್ಯಾಗ್ ತುಂಬುವುದು ಸುಲಭ, ಒಂದೇ ಬ್ರ್ಯಾಂಡ್ ಅಂದರೆ ತೂತು ಉಳಿಯುತ್ತದೆ.

ತೂತು ಕಾಣುವುದು ಬುಟ್ಟಿಯ ಹತ್ತಿರದಿಂದ ಎಸೆಯುವ ಡಿಸ್ಕ್, ಅಂದರೆ ಪಟ್ಟರ್‌ನಲ್ಲೇ. ಡ್ರೈವರ್ (ದೂರಕ್ಕೆ ಎಸೆಯುವ ಡಿಸ್ಕ್) ಬದಲಿಸಿದರೆ ಆರು ವಾರದಲ್ಲಿ ಕೈಗೆ ಕೂರುತ್ತದೆ, ಪಟ್ಟರ್ ಹಾಗಲ್ಲ. ರಿಮ್ಮಿನ ಕೆಳಗೆ ಬೀಡ್ (ಸಣ್ಣ ಉಬ್ಬು) ಇದೆಯೋ ಇಲ್ಲವೋ, ಅಂಚಿನ ಆಳ ಎಷ್ಟು ಎನ್ನುವುದರ ಮೇಲೆ ಬೆರಳು ಬಿಡುವ ಕ್ಷಣವೇ ಬದಲಾಗುತ್ತದೆ. ಹತ್ತು ಮೀಟರಿನೊಳಗೆ ತಪ್ಪುವ ಒಂದೊಂದು ಪಟ್ಟೂ ಒಂದು ಸ್ಟ್ರೋಕ್. ಪಟ್ಟರ್‌ಗೆ ಮಾರ್ಚ್ 31ರವರೆಗೆ ವಿನಾಯಿತಿ, ಜೊತೆಗೆ ಇಡೀ ವರ್ಷಕ್ಕೆ ಎರಡು ಹೊರಗಿನ ಮೋಲ್ಡ್ (ಡಿಸ್ಕಿನ ಮಾದರಿ) ಕೇಳಿ. ಅಸಿಟೋನಿನಲ್ಲಿ ಸ್ಟಾಂಪ್ ಒರೆಸಿ ಹೊರಗಿನ ಡಿಸ್ಕ್ ಆಡುವ ಉಪಾಯ ಕೆಲವರು ಹೇಳಿಕೊಡುತ್ತಾರೆ. ಪಿಡಿಜಿಎ ನಿಯಮದಲ್ಲಿ ಅದಕ್ಕೆ ಅಡ್ಡಿಯಿಲ್ಲ, ಕಾಂಟ್ರಾಕ್ಟಿನಲ್ಲಿ ಅದು ಸೀದಾ ಉಲ್ಲಂಘನೆ. ಎಷ್ಟೋ ಮೋಲ್ಡಿನ ಹೆಸರು ಡಿಸ್ಕಿನ ಒಳಮೈಯಲ್ಲಿ ಉಬ್ಬಚ್ಚಾಗಿ ಇರುತ್ತದೆ, ಕ್ಯಾಮೆರಾ ಮುಂದೆ ಮುಚ್ಚಿಡಲಾಗದು.

ಒಂದು ಸಣ್ಣ ವಿಷಯ: ಪ್ರೊಟೊಟೈಪ್ ಆಡಿಸುವುದಾದರೆ ಪಿಡಿಜಿಎ ಒಪ್ಪಿಗೆ ಬಂದಿರುವುದನ್ನು ಮಾತ್ರ ಕೊಡುವುದು ಕಂಪನಿಯ ಹೊಣೆ ಎಂದಿರಲಿ. ಒಪ್ಪಿಗೆ ಇಲ್ಲದ ಡಿಸ್ಕ್ ಎಸೆದರೆ ಎಚ್ಚರಿಕೆ ಗಿಚ್ಚರಿಕೆ ಇಲ್ಲ, ನೇರ ಎರಡು ಪೆನಾಲ್ಟಿ.

ಹುಬ್ಬಳ್ಳಿ_ಹೈಜರ್

ಅಲ್ರೀ ಸರ್, ರಾಯಲ್ಟಿ ಸಾಲು ಇನ್ನೊಂದ್ಸಲ ಓದ್ರಿ. "ನಿವ್ವಳ ಮಾರಾಟ" ಅಂದ್ರ ಏನಂತ ಎಲ್ಲಿ ಬರದಾರ? ಅಂಗಡಿಗೆ ಕಳಿಸಿದ್ದ ದಿನಾನೋ, ಅಂಗಡಿಯವ ಗಿರಾಕಿಗೆ ಮಾರಿದ್ದ ದಿನಾನೋ? 1,200 ಡಿಸ್ಕಿನ ರನ್ (ಒಂದು ಸಲದ ತಯಾರಿ) ಹೊಡದ್ರು ಅಂತ ಹಿಡೀರಿ, 2 ಡಾಲರಿನಂಗ 2,400 ಬರಬೇಕು. ಅದ್ರಾಗ ಸ್ಟಾಂಪ್ ಸೊಟ್ಟ ಆಗಿದ್ದು, ಫಾಯಿಲ್ ಕಿತ್ತಿದ್ದು ಒಂದು 100 ಎಫ್-2 ಅಂತ ತಗದು ಅಗ್ಗಕ್ಕ ಮಾರ್ತಾರ, ಅದಕ್ಕ ರಾಯಲ್ಟಿ ಇಲ್ಲ ಅಂತಾರ. ಪ್ರಚಾರಕ್ಕ ಪುಕ್ಕಟೆ ಕೊಟ್ಟಿದ್ದು 150. ಅಂಗಡಿಯಿಂದ ವಾಪಸ್ ಬರಬಹುದು ಅಂತ ಶೇ. 15 ಹಿಡದಿಟ್ಕೋತಾರ. ಕೈಗೆ ಬರೋದು 1,600ರ ಆಸುಪಾಸು, ಅದೂ ಆರು ತಿಂಗಳ ಮ್ಯಾಲೆ.

ಹಿಂಗ ಬರಸ್ರಿ: ಫ್ಯಾಕ್ಟರಿಯಿಂದ ಹೊರಗ ಹೋದ ಪ್ರತಿ ಡಿಸ್ಕಿಗೂ, ಎಫ್-2 ಇದ್ರೂ, ಲೆಕ್ಕ. ಪುಕ್ಕಟೆ ಕೊಡೋದು ರನ್ನಿನ ಶೇ. 5 ದಾಟಬಾರದು. ಮೂರು ತಿಂಗಳಿಗೊಮ್ಮೆ ಮೋಲ್ಡ್, ಪ್ಲಾಸ್ಟಿಕ್, ರನ್, ಸಂಖ್ಯೆ ಇರೋ ಪಟ್ಟಿ, ಅದರ 30 ದಿನದಾಗ ದುಡ್ಡು. ವರ್ಷಕ್ಕೊಮ್ಮೆ ಲೆಕ್ಕದ ಪುಸ್ತಕ ನೋಡೋ ಹಕ್ಕು. ಫರಕು ಶೇ. 5ಕ್ಕಿಂತ ಹೆಚ್ಚು ಬಂದ್ರ ಆಡಿಟ್ ಖರ್ಚು ಅವರದು.

ಕ್ರೆಡಿಟ್ 1,500 ಅಂತಾರಲ್ಲ, ಯಾವ ರೇಟಿಗೆ? 18 ಡಾಲರ್ ಅಂಗಡಿ ರೇಟಾದ್ರ 83 ಡಿಸ್ಕು. 9 ಡಾಲರ್ ಸಗಟು ರೇಟಾದ್ರ 166. ಒಂದು ಶಬ್ದದ ಮ್ಯಾಲೆ ಅರ್ಧಕ್ಕರ್ಧ ಹೋತು. ಇನ್ನೊಂದು, ಒಂದೇ ಮೋಲ್ಡು ರನ್ನಿನಿಂದ ರನ್ನಿಗೆ ಬ್ಯಾರೆ ಹಾರ್ತದ, ಡೋಮ್ (ಮ್ಯಾಲಿನ ಉಬ್ಬು) ಏರಿಳಿತದ. ರನ್ ಆರಿಸ್ಕೊಳ್ಳೋ ಹಕ್ಕು ಆಟಗಾರಂದು ಅಂತ ಒಂದು ಸಾಲು ಹಾಕಸ್ರಿ. ರೊಕ್ಕ ಖರ್ಚಿಲ್ಲದ್ದು, ಕೊಡ್ತಾರ.

ಬೋನಸ್ ಕೋಷ್ಟಕದಾಗ ಟೈ ಬಂದ್ರ ಏನಂತ ಐತೇನು? ಪ್ಲೇಆಫ್ ಆಗೋದು ಮೊದಲನೇ ಸ್ಥಾನಕ್ಕ. ಎರಡು, ಮೂರರಾಗ ಟೈ ಹಂಗೇ ಉಳೀತದ. ಮೂರನೇ ಸ್ಥಾನಕ್ಕ ನಾಕು ಮಂದಿ ಇದ್ರ ಪೂರ್ತಿ ಬೋನಸ್ಸೋ ಕಾಲುಭಾಗೋ? ಈಗ್ಲೇ ಬರಸ್ರಿ, ಆಮ್ಯಾಲೆ ಜಗಳ ಬ್ಯಾಡ.

ಕರಾರು_ಕಡತ

ಜಾಮೀನಿನ ಸಾಲಿನ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಮಟ್ಟಿಗೆ ಒಂಬತ್ತು ಪುಟದಲ್ಲಿ ಅತ್ಯಂತ ಅಪಾಯದ ಪದ ಅದೇ.

ಅಮೆರಿಕದಲ್ಲಿ ಅಪ್ರಾಪ್ತ ವಯಸ್ಕ ಮಾಡಿಕೊಂಡ ಕರಾರು ಸಾಮಾನ್ಯವಾಗಿ ತಾನಾಗಿ ರದ್ದಲ್ಲ. ಅವನು ಬೇಕೆಂದರೆ ರದ್ದು ಮಾಡಬಹುದಾದದ್ದು. ಕಂಪನಿಗೆ ಆ ಆಯ್ಕೆ ಇಲ್ಲ. ಇದು ಕಂಪನಿಯ ವಕೀಲರಿಗೂ ಗೊತ್ತು. ಅದಕ್ಕೇ ಹುಡುಗನ ಸಹಿ ಜಾರಿದರೂ ಹಿಡಿಯಲು ಒಬ್ಬ ದೊಡ್ಡವರು ಬೇಕು. "ಒಪ್ಪಿಗೆ ನೀಡಿದ್ದೇನೆ" ಎಂದು ಸಹಿ ಹಾಕುವುದು ಬೇರೆ, "ಜಾಮೀನು ನಿಂತಿದ್ದೇನೆ" ಎಂದು ಹಾಕುವುದು ಬೇರೆ. ಎರಡನೆಯದಾದರೆ ಹುಡುಗ ಬಿಟ್ಟು ನಡೆದಾಗ ನಷ್ಟ ತುಂಬಿಕೊಡಿ ಎಂದು ನಿಮ್ಮ ಮನೆಗೇ ಬರಬಹುದು. "ಪೋಷಕರ ಒಪ್ಪಿಗೆ ಮಾತ್ರ, ಪೋಷಕರಿಗೆ ಯಾವುದೇ ಹಣಕಾಸಿನ ಹೊಣೆ ಇಲ್ಲ" ಎಂದು ಬದಲಿಸಿ. ಇದಕ್ಕೆ ಒಪ್ಪದ ಕಂಪನಿಗೆ ಸಹಿ ಹಾಕಬೇಡಿ.

ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಕಾನೂನುಗಳಲ್ಲಿ ಅಪ್ರಾಪ್ತ ಕ್ರೀಡಾಪಟುವಿನ ಕರಾರನ್ನು ಕೋರ್ಟಿನ ಮುಂದಿಟ್ಟು ಒಪ್ಪಿಗೆ ಪಡೆಯುವ ದಾರಿ ಇದೆ. ಹಾಗೆ ಒಪ್ಪಿಗೆಯಾದರೆ ವಯಸ್ಸಿನ ಕಾರಣ ಹೇಳಿ ಹಿಂದೆ ಸರಿಯಲಾಗದು. ಆದ್ದರಿಂದ "ಯಾವ ರಾಜ್ಯದ ಕಾನೂನು, ಯಾವ ಊರಿನ ಕೋರ್ಟು" ಎಂಬ ಕೊನೆಯ ಪುಟದ ಸಾಲನ್ನು ಹಾರಿಸಬೇಡಿ. ಜಗಳವಾದರೆ ಎರಡು ಸಾವಿರ ಮೈಲಿ ಆಚೆ ವಕೀಲರನ್ನು ಹಿಡಿಯಬೇಕಾಗುತ್ತದೆ. ಆರ್ಬಿಟ್ರೇಷನ್ ಇದ್ದರೆ ಆಟಗಾರನ ಊರಿನಲ್ಲಿ ಅಥವಾ ವಿಡಿಯೊ ಮೂಲಕ ಎಂದು ಸೇರಿಸಿ.

ಆಗಸ್ಟಿನಲ್ಲಿ 18 ತುಂಬುತ್ತದೆ ಎಂದಿರಿ. ತುಂಬಿದ ಮೇಲೂ ಸುಮ್ಮನೆ ಸ್ಟೈಪೆಂಡ್ ತೆಗೆದುಕೊಳ್ಳುತ್ತ ಹೋದರೆ ಕರಾರನ್ನು ಒಪ್ಪಿ ದೃಢಪಡಿಸಿದ ಹಾಗಾಗುತ್ತದೆ. "18 ತುಂಬಿದ 30 ದಿನದೊಳಗೆ ಆಟಗಾರ ಯಾವುದೇ ದಂಡವಿಲ್ಲದೆ ಹೊರಬರಬಹುದು" ಎಂಬ ಕಲಂ ಕೇಳಿ. ಕಂಪನಿಗೂ ಇದು ಒಳ್ಳೆಯದೇ, ಆ ಮೇಲೆ ಅವರ ಕಾಗದ ಗಟ್ಟಿಯಾಗುತ್ತದೆ.

ವಯಸ್ಸು, ತಡವಾದ ಪಾವತಿ ಇವೆಲ್ಲ ಬರೀ ಪುಸ್ತಕದ ಮಾತಲ್ಲ. ಆಟಗಾರ ಗ್ಯಾನನ್ ಬರ್ 17ನೇ ವಯಸ್ಸಿನಲ್ಲಿ ಪ್ರಾಡಿಜಿ ಎಂಬ ಡಿಸ್ಕ್ ಕಂಪನಿ ಬಿಟ್ಟು ಹೊರಟಾಗ ವಿಷಯ ಕೋರ್ಟಿಗೆ ಹೋಗಿ, ಕೊನೆಗೆ ರಾಜಿಯಲ್ಲಿ ಮುಗಿಯಿತು. ಅಂಥ ಜಗಳದಲ್ಲಿ ಯಾರು ಸರಿ ಎಂಬುದಕ್ಕಿಂತ ಮೊದಲು ಕೇಳುವುದು, ತಪ್ಪಾದಾಗ ಲಿಖಿತ ನೋಟಿಸ್ ಕೊಟ್ಟಿದ್ದಿರಾ, ಸರಿಪಡಿಸಲು ದಿನ ಕೊಟ್ಟಿದ್ದಿರಾ ಎಂದು. ಎರಡೂ ಕಡೆಗೆ ಒಂದೇ ಅಳತೆ ಇರಲಿ: ನೋಟಿಸ್, 30 ದಿನ, ಸರಿಯಾಗದಿದ್ದರೆ ರದ್ದು. ಈಗಿನ ಕರಡಿನಲ್ಲಿ ಕಂಪನಿ "ತನ್ನ ವಿವೇಚನೆಯಂತೆ ಯಾವಾಗ ಬೇಕಾದರೂ" ಬಿಡಬಹುದು ಎಂದಿದ್ದರೆ (ಬಹುತೇಕ ಇದ್ದೇ ಇರುತ್ತದೆ) ಅದು ಮೂರು ವರ್ಷದ ಕರಾರೇ ಅಲ್ಲ. ಅವರಿಗೆ ಒಂದು ದಿನದ್ದು, ನಿಮಗೆ ಮೂರು ವರ್ಷದ್ದು.

"ಶಾಶ್ವತವಾಗಿ" ಎಂಬುದನ್ನು ಅವಧಿ ಮತ್ತು ನಂತರದ 120 ದಿನಕ್ಕೆ ಇಳಿಸಿ. ಉಳಿದ ಸ್ಟಾಕ್ ಮಾರಲು ಅಷ್ಟು ಸಾಕು. ಆ ದಿನಗಳಲ್ಲೂ ರಾಯಲ್ಟಿ ನಡೆಯಬೇಕು, ಹೊಸದಾಗಿ ಸ್ಟಾಂಪ್ ಹೊಡೆಯಬಾರದು. ಹಳೆಯ ಪೋಸ್ಟುಗಳು ಅಲ್ಲೇ ಇರಲಿ, ಅಳಿಸಿ ಎಂದು ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ.

ಲೆಡ್ಜರ್_ಲಕ್ಷ್ಮಿ

ತೆರಿಗೆ ಕಡೆಯಿಂದ ಎರಡು ಮಾತು. ಕಂಪನಿಗೆ ತೆರಿಗೆ ಸಂಖ್ಯೆ ತಿಳಿಸುವ ಡಬ್ಲ್ಯು-9 ಫಾರಂ ತುಂಬುವಾಗ ಮಗನ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯೇ ಹಾಕಿ, ನಿಮ್ಮದಲ್ಲ. ನಿಮ್ಮದು ಹಾಕಿದರೆ ಆದಾಯ ನಿಮ್ಮ ಸ್ಲ್ಯಾಬಿಗೆ ಬಂದು ಕೂರುತ್ತದೆ. ಅವನು ಉದ್ಯೋಗಿ ಅಲ್ಲ, ಸ್ವತಂತ್ರ ಗುತ್ತಿಗೆದಾರ. ನಿವ್ವಳ 400 ಡಾಲರ್ ದಾಟಿದರೆ ಸ್ವಉದ್ಯೋಗ ತೆರಿಗೆ ಶುರು, ವಯಸ್ಸು 17 ಅಂತ ರಿಯಾಯಿತಿ ಇಲ್ಲ. ಖರ್ಚು ಕಳೆದು 9,000 ಉಳಿದರೆ ಅದರ ಶೇ. 92.35ರ ಮೇಲೆ ಶೇ. 15.3, ಅಂದರೆ ಸುಮಾರು 1,270 ಡಾಲರ್, ಇನ್‌ಕಂ ಟ್ಯಾಕ್ಸ್ ಬೇರೆ. 2026ರ ಪಾವತಿಗಳಿಗೆ, ಎಷ್ಟು ಕೊಟ್ಟೆವೆಂದು ಕಂಪನಿ ತಿಳಿಸುವ ಫಾರಂ 1099-ಎನ್‌ಇಸಿ ಕಳಿಸುವ ಮಿತಿ 600ರಿಂದ 2,000ಕ್ಕೆ ಏರಿದೆ. ಫಾರಂ ಬರಲಿಲ್ಲ ಅಂದಮಾತ್ರಕ್ಕೆ ತೆರಿಗೆ ಇಲ್ಲ ಅಂತಲ್ಲ.

ಆಟ, ಪೋಸ್ಟುಗಳಿಗೆ ಬದಲಾಗಿ ಕೊಡುವ ಡಿಸ್ಕೂ ಆದಾಯವೇ, ಮಾರುಕಟ್ಟೆ ಬೆಲೆಯಲ್ಲಿ. ಹಾಗಾಗಿ ಹುಬ್ಬಳ್ಳಿಯವರು ಕೇಳಿದ ಸಗಟೋ ಚಿಲ್ಲರೆಯೋ ಪ್ರಶ್ನೆ ಇಲ್ಲಿಗೂ ಬರುತ್ತದೆ. ಮೈಲೇಜ್ ಪುಸ್ತಕ ಮೊದಲ ದಿನದಿಂದ ಇಡಿ: ದಿನಾಂಕ, ಎಲ್ಲಿಂದ ಎಲ್ಲಿಗೆ, ಓಡೋಮೀಟರ್, ಯಾವ ಟೂರ್ನಿ. 2025ಕ್ಕೆ ಮೈಲಿಗೆ 70 ಸೆಂಟು ಕಳೆಯಬಹುದಿತ್ತು. 15,000 ಮೈಲಿಗೆ 10,500 ಡಾಲರ್! ಪುಸ್ತಕ ಇಲ್ಲದಿದ್ದರೆ ಸೊನ್ನೆ. ಅಂದಾಜು ತೆರಿಗೆಯ ಕಂತು ಏಪ್ರಿಲ್, ಜೂನ್, ಸೆಪ್ಟೆಂಬರ್, ಜನವರಿ 15ಕ್ಕೆ. ಬೇರೆ ರಾಜ್ಯದಲ್ಲಿ ಗೆದ್ದ ಬಹುಮಾನಕ್ಕೆ ಆ ರಾಜ್ಯವೂ ಕೈ ಚಾಚಬಹುದು, ಗೆದ್ದ ಊರುಗಳ ಪಟ್ಟಿ ಬೇರೆಯಾಗಿಯೇ ಇಡಿ.

ರಾಕ್‌ಹಿಲ್_ಅಪ್ಪ

ಎಲ್ಲರಿಗೂ ಧನ್ಯವಾದ. ಕಂಪನಿಯ ಟೀಮ್ ಮ್ಯಾನೇಜರಿಗೆ ಮೊದಲ ಸುತ್ತು ಬರೆದಾಯಿತು. "ನಮ್ಮ ಎಲ್ಲ ಆಟಗಾರರೂ ಇದೇ ಫಾರಂಗೆ ಸಹಿ ಹಾಕಿದ್ದಾರೆ, ಬದಲಿಸಲು ಬರುವುದಿಲ್ಲ" ಎಂಬ ಉತ್ತರ. ಡಿಸೆಂಬರ್ 20ರೊಳಗೆ ತಿಳಿಸಿ ಅಂದಿದ್ದಾರೆ. ಈಗ ಎಲ್ಲಿ ಪಟ್ಟು ಹಿಡಿಯಬೇಕು, ಎಲ್ಲಿ ಬಿಡಬೇಕು?

ಬೋಗಿ_ಭಟ್ಟ

ಫಾರಂ ಬದಲಿಸುವುದಿಲ್ಲ ಅಂದರೆ ಬೇಡ ಬಿಡಿ, ಒಂದು ಪುಟದ ಅನುಬಂಧ ಸೇರಿಸಿ. "ಫಾರಂಗೂ ಅನುಬಂಧಕ್ಕೂ ವ್ಯತ್ಯಾಸ ಬಂದರೆ ಅನುಬಂಧದ್ದೇ ಅಂತಿಮ" ಎಂದು ಮೊದಲ ಸಾಲು. ಟೀಮ್ ಮ್ಯಾನೇಜರಿಗೆ ಫಾರಂ ಮುಟ್ಟುವ ಅಧಿಕಾರ ಇರುವುದಿಲ್ಲ, ಅನುಬಂಧವನ್ನು ಮೇಲಕ್ಕೆ ಕಳಿಸುವುದು ಅವನಿಗೂ ಸಲೀಸು. ಒಪ್ಪಿಗೆಯನ್ನು ಫೋನಿನಲ್ಲಿ ಹೇಳಿದರೆ ಅದೇ ಸಂಜೆ ಇಮೇಲ್ ಹಾಕಿ: "ಇವತ್ತು ಮಾತಾಡಿದಂತೆ ಈ ನಾಲ್ಕು ಅಂಶ." ಆದರೆ ಫಾರಂನಲ್ಲಿ "ಈ ಕಾಗದದ ಹೊರಗಿನ ಯಾವ ಮಾತೂ ಲೆಕ್ಕಕ್ಕಿಲ್ಲ" ಎಂಬ ಕಲಂ ಇರುತ್ತದೆ. ಆದ್ದರಿಂದ ಇಮೇಲ್ ಸಾಲದು, ಅನುಬಂಧಕ್ಕೆ ಅವರ ಸಹಿ ಬೇಕು.

ಪಟ್ಟು ಹಿಡಿಯಬೇಕಾದ್ದು: ಜಾಮೀನು, ಅವಧಿ, ಸರಿಗಟ್ಟುವ ಹಕ್ಕು, 18ರ ಬಾಗಿಲು. ನಾಲ್ಕೂ ಅವರ ಜೇಬಿನಿಂದ ಇವತ್ತು ಒಂದು ಸೆಂಟ್ ತೆಗೆಸುವುದಿಲ್ಲ. ಬಿಟ್ಟುಕೊಡಬಹುದಾದ್ದು: ತಿಂಗಳ 400, ಎಂಟು ಪೋಸ್ಟು. (ಎಂಟು ಹೆಚ್ಚೇ, ಆದರೆ ಸ್ಟೋರಿಗಳನ್ನೂ ಲೆಕ್ಕಕ್ಕೆ ಹಿಡಿಯಿರಿ ಅಂದರೆ ಒಪ್ಪುತ್ತಾರೆ.) ಸ್ಟೈಪೆಂಡಿಗಾಗಿ ಜಗ್ಗಾಡಿ 500 ಮಾಡಿಸಿಕೊಂಡು ಅವಧಿ ಬಿಟ್ಟುಕೊಡುವುದು ಬಹಳ ಜನ ಮಾಡುವ ತಪ್ಪು, ವರ್ಷಕ್ಕೆ 1,200ಕ್ಕೆ ಮೂರು ಸೀಸನ್ ಬರೆದುಕೊಟ್ಟ ಲೆಕ್ಕ.

ಕರಾರು_ಕಡತ

ಭಟ್ಟರ ಪಟ್ಟಿಗೆ ಒಂದು ಸೇರಿಸುತ್ತೇನೆ: "ಪರಿಶೀಲಿಸಿದ ನಂತರ" ಎಂಬ ಬೋನಸ್ ಸಾಲು. ಪಿಡಿಜಿಎ ಫಲಿತಾಂಶ ಅಧಿಕೃತವಾದ 30 ದಿನದೊಳಗೆ ಪಾವತಿ ಎಂದು ತಿದ್ದಿಸಿ. ಸ್ಟೈಪೆಂಡ್ ಬಗ್ಗೆ ಮಾತ್ರ ನನಗೆ ಭಿನ್ನಾಭಿಪ್ರಾಯ. 12 ಟೂರ್ನಿ ಕಡ್ಡಾಯ ಉಳಿಯುವುದಾದರೆ ದುಡ್ಡನ್ನು ಸುಲಭವಾಗಿ ಬಿಡಬೇಡಿ, ಎಂಟ್ರಿ ಫೀಯನ್ನಾದರೂ ಕೇಳಿ.

ಫೋರ್‌ಹ್ಯಾಂಡ್_ಫ್ಯಾಮಿಲಿ

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಮ್ಮ ಹುಡುಗ 16, ಎಚ್-4 ವೀಸಾದಲ್ಲಿದ್ದಾನೆ (ಎಚ್ ವೀಸಾ ನೌಕರರ ಕುಟುಂಬಕ್ಕೆ ಕೊಡುವುದು). ಅವನಿಗೆ ಸ್ಟೈಪೆಂಡ್ ಇಲ್ಲ, ವರ್ಷಕ್ಕೆ 30 ಡಿಸ್ಕು, ಬದಲಿಗೆ ತಿಂಗಳಿಗೆ ನಾಲ್ಕು ಪೋಸ್ಟು. ಇದೂ ತೊಂದರೆಯೇ?

ಕರಾರು_ಕಡತ

ಹೌದು ಮೇಡಂ, ತೊಂದರೆಯಾಗಬಹುದು. ಎಚ್-4 ಮಕ್ಕಳಿಗೆ ಕೆಲಸದ ಅನುಮತಿ ಇಲ್ಲ. ಎಚ್-4 ಇಎಡಿ (ಕೆಲಸದ ಪರವಾನಗಿ) ಇರುವುದು ಅರ್ಹ ಸಂಗಾತಿಗೆ, ಮಕ್ಕಳಿಗಲ್ಲ. ಸೇವೆಗೆ ಪ್ರತಿಯಾಗಿ ಏನು ಪಡೆದರೂ ಅದು ಪ್ರತಿಫಲವೇ, ನೋಟಾಗಿರಲಿ ಡಿಸ್ಕಾಗಿರಲಿ. ಇಲ್ಲಿ ಗಂಟು ಬಿದ್ದಿರುವುದು 30 ಡಿಸ್ಕಿಗಲ್ಲ, ಅದರ ಎದುರಿಗೆ ಬರೆದಿರುವ ನಾಲ್ಕು ಪೋಸ್ಟಿಗೆ. ಗ್ರೀನ್ ಕಾರ್ಡ್ ಅರ್ಜಿ ಮುಂದೆ ಇದ್ದರೆ ಅನುಮತಿಯಿಲ್ಲದ ಕೆಲಸ ಎಂಬ ಗುರುತು ದುಬಾರಿ. ಸಹಿ ಹಾಕುವ ಮೊದಲು ಕಾಂಟ್ರಾಕ್ಟಿನ ಪ್ರತಿಯನ್ನು ಇಮಿಗ್ರೇಷನ್ ವಕೀಲರಿಗೆ ಕಳಿಸಿ ಲಿಖಿತ ಅಭಿಪ್ರಾಯ ತೆಗೆದುಕೊಳ್ಳಿ. ಕ್ರೀಡಾ ವಕೀಲರಲ್ಲ, ಇಮಿಗ್ರೇಷನ್ನಿನವರು. ಅಲ್ಲಿಯವರೆಗೆ ಕಂಪನಿ ಲೋಗೋ ಇರುವ ಜೆರ್ಸಿ ತೊಟ್ಟ ಫೋಟೋ ಹಾಕಿ ಅವರನ್ನು ಟ್ಯಾಗ್ ಮಾಡುವುದೂ ಬೇಡ. ಅಂಗಡಿಯಲ್ಲಿ ದುಡ್ಡು ಕೊಟ್ಟು ಡಿಸ್ಕ್ ಕೊಂಡು ಆಡಲಿ, ರೇಟಿಂಗ್ ಎಲ್ಲೂ ಹೋಗುವುದಿಲ್ಲ.

ಹುಬ್ಬಳ್ಳಿ_ಹೈಜರ್

ಊರಾಗಿರೋರು ಇದನ್ನ ಓದಾಕತ್ತಿದ್ರ ಒಂದು ಮಾತು: ಭಾರತದ ಕಾನೂನಿನಾಗ 18ರ ಕೆಳಗಿನವರ ಕರಾರು ಮೂಲದಾಗೇ ಶೂನ್ಯ, 1903ರಾಗೇ ಪ್ರಿವಿ ಕೌನ್ಸಿಲ್ ತೀರ್ಪು ಕೊಟ್ಟೈತಿ. ಅಮೆರಿಕದಂಗ "ಬೇಕಂದ್ರ ರದ್ದು" ಅಲ್ಲ. 18 ಆದ ಮ್ಯಾಲೆ ಹಳೇ ಕಾಗದಕ್ಕ "ಒಪ್ಪಿಗಿ ಐತಿ" ಅಂದ್ರೂ ನಡಿಯಂಗಿಲ್ಲ, ಹೊಸ ಕಾಗದ ಮಾಡಸ್ಬೇಕು.